ಎದುರು ಗುಡ್ಡದ ನಕಲು

"ಕೇಳ್ರಪ್ಪೋ ಕೇಳಿ! ಸಿಡಿಲು ಬಡಿದು ಬಿಳಿಗಲ್ಲು ಸಂಸ್ಥಾನದ ಫೋನುಗಳೆಲ್ಲ ಮೂಕಾದ ದಿನ, ದೊಡ್ಡ ಟವರಿಗೆ ಮತ್ತೆ ಜೀವ ಕೊಟ್ಟವನು ಅರಮನೆಗೆ ಬರಲಿ. ಮೂರು ಒಗಟು ಬಿಡಿಸಿದರೆ ಕೇಳಿದ ಬಹುಮಾನ. ಸುಳ್ಳು ಹೇಳಿಕೊಂಡು ಬಂದವನಿಗೆ ತಲೆದಂಡ!"

ದೊರೆ ಸೋಮಭೂಪ ಸುಮ್ಮನೆ ಡಂಗುರ ಹೊಡೆಸಿರಲಿಲ್ಲ. ಅಂದು ಗಡಿಕೋಟೆಯಲ್ಲಿ ಮಗಳು ಚೆನ್ನಾಜಮ್ಮನಿಗೆ ಹೆರಿಗೆ ನೋವು. ಸೂಲಗಿತ್ತಿಯನ್ನು ಕರೆಯಲು ಫೋನಿಲ್ಲ. ಯಾವನೋ ಪುಣ್ಯಾತ್ಮ ಟವರನ್ನು ಎಬ್ಬಿಸಿ, ಹೆಸರೂ ಹೇಳದೆ ಹೋಗಿದ್ದ. ತಾಯಿ, ಮಗು ಉಳಿದರು. ಟವರಿನ ವಿದ್ಯೆ ಕಲಿತಿದ್ದ ಚೆನ್ನಾಜಮ್ಮನೇ ಅವನನ್ನು ಹುಡುಕಲು ಒಗಟು ಕಟ್ಟಿದ್ದಳು.

ಮೊದಲು ಬಂದವನು ಸೇನಾಪತಿಯ ಭಾವಮೈದ.

"ಹೇಳಿದ್ದನ್ನೆಲ್ಲ ಕೇಳುತ್ತಾನೆ, ಹಾಗೆಯೇ ನಡೆಯುತ್ತಾನೆ. ಒಮ್ಮೆ ಕಣ್ಣು ಮುಚ್ಚಿ ತೆರೆದರೆ ಹೊಸದಾಗಿ ಹೇಳಿದ್ದಷ್ಟೂ ಮರೆಯುತ್ತಾನೆ. ಯಾರು?" ಎಂದ ದೊರೆ.

"ಕುಡುಕ, ಪ್ರಭು!"

ಸಭೆ ನಕ್ಕಿತು, ದೊರೆ ನಗಲಿಲ್ಲ. ಭಟರು ಅವನನ್ನು ಎಳೆದು ಕಂಬಕ್ಕೆ ಕಟ್ಟಿದರು.

ಆಮೇಲೆ ಮುಖ್ಯ ಎಂಜಿನಿಯರ್ ಗುಣಾಕರ ಪಂಡಿತ ಮೀಸೆ ತಿರುವುತ್ತ ಬಂದ. ಮೊದಲನೆಯದನ್ನು ಬಿಡಿಸಿ ದೊರೆಯ ಕಿವಿಯಲ್ಲಿ ಹೇಳಿದ. ಎರಡನೆಯದು ಬಂತು: "ಅವಳಿ ಮಕ್ಕಳು. ಒಂದೇ ಮನೆಯಲ್ಲಿದ್ದರೆ ಇಬ್ಬರೂ ಒಂದೇ ದಿನ ಸಾಯುತ್ತಾರೆ. ಬೇರೆ ಬೇರೆ ಇದ್ದರೆ ಒಬ್ಬ ಇನ್ನೊಬ್ಬನನ್ನು ಬದುಕಿಸುತ್ತಾನೆ. ಯಾರು?"

"ಸೂರ್ಯ ಚಂದ್ರರು" ಎಂದ ಪಂಡಿತ. ಅವನನ್ನೂ ಕಟ್ಟಿದರು. ಸಂಜೆಗೆ ಇಬ್ಬರ ತಲೆ ಉರುಳಬೇಕು.

ಆ ಸುದ್ದಿ ಕೇಳಿ ಓಡಿ ಬಂದವನು ಟವರಿನ ಕಾವಲುಗಾರ ಯಮನೂರ. "ನಾ ಬಾಯಿ ಮುಚ್ಚಿ ಕುಂತದ್ದಕ್ಕ ಇವರ ಜೀವ ಹೋಗೋದು ಬ್ಯಾಡ್ರಿ" ಎಂದ. ದೊರೆ ಮೂರನೆಯದನ್ನೂ ಸೇರಿಸಿ ಕೇಳಿದ: "ಪೆಟ್ಟಿಗೆ ತುಂಬ ಬೀಜ. ಆದರೂ ಬಿತ್ತುವ ದಿನ ಕೈ ಬರಿದು. ಏಕೆ?"

"ಮೊದಲನೇದು ಟವರಿನ ಯಂತ್ರರೀ. ಯಾವ ಊರಿನ ಮಾತು ಯಾವ ದಾರ್ಯಾಗ ಹೋಗಬೇಕಂತ ಅದರ ಕಾನ್ಫಿಗರೇಷನ್ ಫೈಲ್‌ನ್ಯಾಗ ಬರದಿರ್ತದ. ಬದಲು ಮಾಡಿ ಸೇವ್ ಮಾಡ್ಲಿಲ್ಲಂದ್ರ, ಕರೆಂಟ್ ಹೋಗಿ ಬಂದಾಗ ಆ ಬದಲು ಮರ್ತುಬಿಡ್ತದ. ಅವಳಿ ಅಂದ್ರ ಫೈಲು, ಅದರ ನಕಲು. ಎರಡೂ ಒಂದ ಯಂತ್ರದಾಗ ಇಟ್ರ ಸಿಡಿಲಿಗೆ ಎರಡೂ ಹೋಗ್ತಾವು. ಅದಕ್ಕ ಸಂತಿ ದಿನಕ್ಕೊಮ್ಮೆ ನಕಲು ಎದುರು ಗುಡ್ಡಕ್ಕ ಒಯ್ದಿಡ್ತೀನಿ."

ಪಂಡಿತ ತಲೆ ತಗ್ಗಿಸಿದ. ಅವನ ನಕಲು ಸುಟ್ಟ ಯಂತ್ರದಲ್ಲೇ ಇತ್ತು.

"ಇನ್ನ ಮೂರನೇದು. ಮೊಳಕಿ ಬರಿಸಿ ನೋಡದ ಬೀಜ ನಂಬಾಕ ಬರೂದಿಲ್ರಿ, ನಕಲೂ ಹಂಗ. ಅಮಾಸಿಗೊಮ್ಮೆ ನಕಲು ಗುಡ್ಡದ ಮ್ಯಾಲ ಇಟ್ಟ ಹಳೇ ಯಂತ್ರಕ್ಕ ಹಾಕಿ, ಫೋನ್ ಹತ್ತತದೋ ಇಲ್ಲೋ ನೋಡ್ತೀನಿ. ಸಿಡಿಲು ಬಡದ ದಿನ ಸುಟ್ಟದ್ದರ ಜಾಗಕ್ಕ ಆ ಹಳೇ ಯಂತ್ರನ ತಂದು ಕೂಡ್ಸಿದೆ."

ದೊರೆ ಸಿಂಹಾಸನದಿಂದ ಇಳಿದು ಬಂದ. "ಏನು ಬೇಕು, ಕೇಳಪ್ಪ."

"ಇವರಿಬ್ಬರನ್ನ ಬಿಟ್ಟುಬಿಡ್ರಿ. ಮತ್ತ ಇದು ನನ್ನ ಜಾಣತನ ಅಲ್ರಿ. ನನಗಿಂತ ಮೊದಲ ಟವರು ಕಾಯ್ತಿದ್ದ, ತೀರಿಹೋದ ದ್ಯಾಮವ್ವ ಅಕ್ಕ ಕಲಿಸಿದ್ದು. ಟವರಿಗೆ ಆಕೀ ಹೆಸರಿಡ್ರಿ."

ದೊರೆ ಎರಡನ್ನೂ ಒಪ್ಪಿ, ಸಂಸ್ಥಾನದ ಎಲ್ಲ ನಕಲುಗಳನ್ನೂ ಯಮನೂರನ ಕೈಗೆ ಒಪ್ಪಿಸಿದ. ಪಂಡಿತನಿಗೆ ಸಂತೆ ದಿನ ಗುಡ್ಡ ಹತ್ತುವ ಕೆಲಸ ಬಂತು.

ಆಗ ಚೆನ್ನಾಜಮ್ಮ ಕೂಸನ್ನು ಎತ್ತಿಕೊಂಡು ಮುಂದೆ ಬಂದಳು. "ಅಣ್ಣಾ, ನಿನ್ನ ಋಣ ನಾನು ತೀರಿಸಲಾರೆ. ಆದರೆ ಟವರಿಗೆ ಮಾತ್ರ ಯಾಕೆ ಆ ಹೆಸರು? ನನ್ನ ಮಗಳಿಗೂ ಇರಲಿ."

ಯಮನೂರ ಎರಡು ಸಲ ಕೈ ಒರೆಸಿಕೊಂಡು ಕೂಸನ್ನು ಎತ್ತಿಕೊಂಡ. "ದ್ಯಾಮವ್ವಾ" ಎಂದು ಕರೆದ. ಕೂಸು ಅವನ ಬೆರಳು ಹಿಡಿಯಿತು.