ಕೊಂಡಿ ತಪ್ಪಿಸಿಕೊಂಡ ದಾರ

ಕಡಲಡಿಯಲ್ಲಿ ದಾರಿ ತಪ್ಪದಿರಲೆಂದು ಒಯ್ಯುವ ದಾರವನ್ನು ಮುಳುಗುಗಾರ ದಾಮೋದರ ಖಾರ್ವಿ ಉರುಳೆಗೆ ಸುತ್ತಿ, ಕೊನೆಯ ಸುತ್ತಿಗೆ ಕೊಂಡಿ ಹಾಕಹೊರಟ.

“ಅಕ್ಕಾ, ಕೊಂಡಿ ಚುಚ್ಚುತ್ತದೆ,” ಎಂದು ದಾರ ಅತ್ತಿತು.

ಉರುಳೆ ತುಸು ಹೊರಳಿ, ದಾರವನ್ನು ಕೊಂಡಿಯಿಂದ ತಪ್ಪಿಸಿತು. ದಾಮೋದರ ಗಮನಿಸಲಿಲ್ಲ.

“ನಿನ್ನ ಮುದ್ದು ಅತಿಯಾಯ್ತು,” ಎಂದಿತು ಕೊಂಡಿ. “ನೀರಲ್ಲಿ ಬಿಚ್ಚಿಕೊಂಡರೆ ಹಿಡಿಯುವವರ್ಯಾರು?”

“ನೀನು ಬಾಯಿ ಮುಚ್ಚಿಕೊಂಡು ನೇತಾಡು ಮಾರಾಯ,” ಎಂದಿತು ಉರುಳೆ.

ದಾಮೋದರ ಕಡಲಿಗಿಳಿದು, ಎಂದೋ ಮುಳುಗಿದ್ದ ಹಡಗಿನೊಳಗೆ ಹೊಕ್ಕಾಗ ದಾರ ತಾನಾಗಿ ಬಿಚ್ಚಿಕೊಂಡು ಅವನ ಕಾಲಿಗೆ ಸುತ್ತಿಕೊಂಡಿತು. ಜೀವ ಉಳಿಸಿಕೊಳ್ಳಲು ಆತ ಅದನ್ನು ಚಾಕುವಿನಿಂದ ಕತ್ತರಿಸಿ ಮೇಲೆ ಬಂದ. “ಅಕ್ಕಾ!” ಎಂಬ ಕೂಗು ಕೆಳಗೇ ಉಳಿಯಿತು.

ಬರಿದಾದ ಉರುಳೆಗೆ ಮರುದಿನ ಹೊಸ ದಾರ ಬಂತು. “ಅಕ್ಕಾ, ಕೊಂಡಿ ಚುಚ್ಚುತ್ತದೆ,” ಎಂದಿತು.

“ಚುಚ್ಚಲಿ ಮಗಾ,” ಎಂದ ಉರುಳೆ ತಾನೇ ಕೊಂಡಿಯತ್ತ ಹೊರಳಿತು.