ಆನೆ ಕದ್ದವಳ ಕೊನೆಯ ಗರಿ

ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಅಡವಯ್ಯ ಎಂಬ ಗುರು, ಅವರ ಹತ್ತಿರ ಒಂದು ಕೋಣೆ ತುಂಬ ತಾಳೆಗರಿಯ ಕಥೆಗಳು. ಮತ್ತೆ ಸಂಕಣ್ಣ ಎಂಬ ಶಿಷ್ಯ. ಅವನೊಬ್ಬನೇ ಹತ್ತು ಜನರಷ್ಟು ಗಲಾಟೆ.

ಜಗಲಿಯ ಮೇಲೆ ಕಥೆ ಹೇಳುವವರ ಮಣೆ ಇತ್ತು. ಅದರ ಮೇಲೆ ಕೂರಬೇಕು ಅನ್ನೋದೊಂದೇ ಸಂಕಣ್ಣನ ಹಟ.

"ಗುರುಗಳೇ, ಕೋಣೆಯಲ್ಲಿದ್ದದ್ದೆಲ್ಲ ಓದಿ ಮುಗಿಸಿದೆ. ಮಣೆ ಕೊಡಿ."

"ಇಷ್ಟು ಬೇಗ?"

"ನಾನು ಕೊನೆಯ ಗರಿ ಮೊದಲು ಓದ್ತೀನಿ. ಕೊನೆ ಗೊತ್ತಾದ ಮೇಲೆ ಉಳಿದದ್ದು ಯಾಕೆ?"

ಗುರು ಮೀಸೆಯಲ್ಲೇ ನಕ್ಕರು. "ದಡದಲ್ಲಿ ಜನ ಹರಿಗೋಲಿಗೆ ಕಾಯ್ತಿದ್ದಾರೆ. ಹೋಗಿ ಒಂದು ಕಥೆ ಹೇಳು. ಹರಿಗೋಲು ಬಂದರೂ ಅವರು ಏಳದಿದ್ದರೆ ಮಣೆ ನಿನ್ನದು."

ಸಂಕಣ್ಣ ಎದೆಯುಬ್ಬಿಸಿ ಹೋದ. "ಕೇಳ್ರಪ್ಪೋ, ಕೊನೆಗೆ ಕಳ್ಳ ಸಿಕ್ಕಿಬೀಳ್ತಾನೆ" ಅಂತ ಶುರು ಮಾಡಿದ.

ಹರಿಗೋಲು ಬಂತು. ಎಲ್ಲರೂ ಹತ್ತಿದರು. ಒಂದು ಮೇಕೆ ಮಾತ್ರ ಹಿಂದೆ ನಿಂತಿತ್ತು. ಅದನ್ನೂ ಯಾರೋ ಎಳೆದುಕೊಂಡು ಹೋದರು.

ಮರುದಿನ ಸಂಕಣ್ಣ ಕುಣಿಯುತ್ತ ಬಂದ. "ಗೆದ್ದೆ ಗುರುಗಳೇ! ಒಬ್ಬರೂ ದಡ ಬಿಡಲಿಲ್ಲ!"

ಅವನ ಬೆನ್ನ ಹಿಂದೆಯೇ ಅಂಬಿಗ ಹುಲಿಗೆಪ್ಪ ಬಂದ. "ಸ್ವಾಮ್ಯಾರ, ನನ್ನ ಹುಟ್ಟು ಕಂಡೀರೇನ್ರೀ? ಹುಟ್ಟಿಲ್ಲದ ಹರಿಗೋಲು ನಡಸೋದು ಹ್ಯಾಂಗ?"

ಹುಲಿಗೆಪ್ಪ ಹುಡುಕುತ್ತ ದಡಕ್ಕೆ ಮರಳಿದ ಮೇಲೆ ಗುರು ಜಗಲಿಯ ಮೂಲೆಗೆ ನಡೆದರು. ಸಂಕಣ್ಣನ ಚಾಪೆ ಎತ್ತಿದರು. ಹುಟ್ಟು ಇತ್ತು.

"ಜನ ನಿಂತರು ಸರಿ. ಕಥೆ ಕೇಳಿದರಾ?"

"ಇಲ್ಲ," ಅಂದ ಸಂಕಣ್ಣ. "ಬೈದರು."

ಗುರು ಒಳಗೆ ಹೋಗಿ, ಸಂಕಣ್ಣನ ಕಣ್ಣಿಗೆ ಬೀಳದಂತೆ ತಮ್ಮ ಪೆಟ್ಟಿಗೆಯಲ್ಲಿ ಇಟ್ಟಿದ್ದ ಒಂದು ಕಟ್ಟು ತಂದರು. ದಾರ ಬಿಚ್ಚಿ, ಕೊನೆಯ ಗರಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಉಳಿದದ್ದನ್ನು ಶಿಷ್ಯನ ಕೈಗೆ ಕೊಟ್ಟರು.

"ಇದೇನು ಗುರುಗಳೇ, ಬಾಲ ಕತ್ತರಿಸಿ ಕೊಡ್ತೀರಿ?"

"ಓದು."

ಬೇರೆ ದಾರಿ ಇರಲಿಲ್ಲ. ಸಂಕಣ್ಣ ಮೊದಲ ಗರಿಯಿಂದ ಓದಿದ. ಹೂ ಕಟ್ಟುವವಳ ಮಗಳೊಬ್ಬಳು ರಾಜನ ಆನೆ ಕದ್ದ ಕಥೆ. ಆನೆಯನ್ನು ಯಾರಾದರೂ ಎಲ್ಲಿ ಬಚ್ಚಿಡೋದು? ಅವನು ಒಲೆಯ ಮುಂದೆ ಕೂತು ಓದಿದ. ಅನ್ನ ಸೀದು ಹೋಯಿತು. ಹೊಳೆಯಲ್ಲಿ ಮುಖ ತೊಳೆಯುತ್ತ ಓದಿದ. ಮುಖ ಅರ್ಧ ತೊಳೆದಿತ್ತು, ಅರ್ಧ ಮಸಿ.

ಆ ಮುಖದಲ್ಲೇ ದಡಕ್ಕೆ ಹೋದ. ಹುಟ್ಟನ್ನು ಹುಲಿಗೆಪ್ಪನ ಕೈಗಿಟ್ಟು, ಕಥೆ ಶುರು ಮಾಡಿದ.

ಈ ಸಲ ಅವನ ದನಿಯೇ ಬೇರೆ. ಮುಂದೇನು ಅಂತ ಅವನಿಗೂ ಭಯ.

ಜನ ಹರಿಗೋಲನ್ನು ಮರೆತರು. ಹುಲಿಗೆಪ್ಪ ಹುಟ್ಟನ್ನು ಗಲ್ಲಕ್ಕೆ ಆನಿಸಿ ನಿಂತ. ಖಾಲಿ ಹರಿಗೋಲು ನೀರಿನಲ್ಲಿ ತನ್ನಷ್ಟಕ್ಕೆ ತಾನೇ ಗಿರಗಿರ ತಿರುಗುತ್ತಿತ್ತು.

"ಹಿಂದೆ ಸೈನ್ಯ. ಮುಂದೆ ತುಂಬಿದ ಹೊಳೆ. ಆನೆಯ ಕಿವಿಯಲ್ಲಿ ಅವಳು ಏನೋ ಹೇಳಿದಳು. ಆನೆ ನೀರಿಗಿಳಿಯಿತು..."

ಸಂಕಣ್ಣ ನಿಲ್ಲಿಸಿದ.

"ಮುಂದ?" ಅಂದಳು ಒಬ್ಬ ಮುದುಕಿ.

"ಗೊತ್ತಿಲ್ಲಜ್ಜಿ."

"ಗೊತ್ತಿಲ್ಲಂದ್ರ? ನಡೀ, ಎಲ್ಲೈತಿ ತೋರ್ಸು!"

ಸಂಕಣ್ಣ ಓಡಿದ. ಹಿಂದೆ ಜನ, ಜನರ ಹಿಂದೆ ಮೇಕೆ.

"ಗುರುಗಳೇ, ಆ ಗರಿ! ಮಣೆ ಬೇಡ, ಏನೂ ಬೇಡ, ಆ ಗರಿ ಕೊಡಿ!"

ಗುರು ಒಂದೊಂದಾಗಿ ಎಲ್ಲರ ಮುಖ ನೋಡಿದರು. ಕೊನೆಗೆ ಶಿಷ್ಯನ ಅರ್ಧ ಮಸಿಯ ಮುಖವನ್ನೂ ನೋಡಿದರು. ತಮ್ಮ ಉತ್ತರೀಯದಿಂದ ಮಣೆ ಒರೆಸಿ, ಅವನ ಮುಂದಿಟ್ಟರು. ಗರಿ ಅವನ ಕೈಗೆ ಕೊಟ್ಟು, ಜನರ ನಡುವೆ ನೆಲದ ಮೇಲೆ ಕೂತರು.

ಸಂಕಣ್ಣ ಮಣೆ ಏರಿ, ಗರಿಯನ್ನು ಬೆಳಕಿಗೆ ಹಿಡಿದ. "ಗುರುಗಳೇ, ನೀವು ಇದನ್ನ ಓದಿದ್ದೀರಲ್ಲ?"

"ನೂರು ಸಲ ಓದಿದ್ದೀನಿ. ಬೇಗ ಓದೋ ಮಾರಾಯ, ಇವತ್ತಾದರೂ ಅವಳು ದಡ ಸೇರ್ತಾಳೇನೋ ನೋಡೋಣ."