ಸುರುಳಿಯ ಬಾಲದ ಒಂಬತ್ತು ಗೆರೆ

ಲೋಕದ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲ. ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ, ಒಂದು ಹಕ್ಕಿಯೂ ಇರಲಿಲ್ಲ. ಇದ್ದವರೆಲ್ಲ ಕಡಲಲ್ಲೇ ಇದ್ದರು.

ಕಡಲ ತಳದಲ್ಲಿ ಮುಗೆರವ್ವ ಎಂಬ ತಾಯಿ ಇದ್ದಳು. ಅವಳ ಬೆನ್ನಿನ ಚಿಪ್ಪು ಉದ್ದಕ್ಕೂ ಮೂರು ಪಾಲಾಗಿತ್ತು. ನೆರೆಹೊರೆಯವರ ಬೆನ್ನೂ ಹಾಗೇ. ಎಲ್ಲರದೂ ಒಂದೇ ಅಚ್ಚು. ಅವಳ ಮಗಳು ಹೆದರಿದಾಗಲೆಲ್ಲ ಉಂಡೆಯಾಗಿ ಸುತ್ತಿಕೊಳ್ಳುತ್ತಿದ್ದಳು. ಅದಕ್ಕೇ ಅವಳಿಗೆ ಸುರುಳಿ ಎಂದು ಹೆಸರು.

ಒಂದು ದಿನ ನದಿ ಕೆಸರು ತಂದು ಸುರಿಯಿತು. ನೀರೆಲ್ಲ ಕದಡಿಹೋಯಿತು. ಮುಗೆರವ್ವ ತಡಕಾಡಿ ಮಗಳನ್ನು ಹುಡುಕಿ ಮನೆಗೆ ಕರೆತಂದಳು. ನೀರು ತಿಳಿಯಾದ ಮೇಲೆ ಆ ಮಗು ಮೆಲ್ಲಗೆ ಹೇಳಿತು: "ನೀವು ನಮ್ಮವ್ವ ಅಲ್ಲ."

ಸುರುಳಿ ಸಿಕ್ಕಿದ್ದು ಮೂರು ದಿನದ ಮೇಲೆ, ಹಸಿದು ಬಳಲಿ.

ಮುಗೆರವ್ವ ನೇರವಾಗಿ ಕಡಲಮ್ಮನ ಬಳಿ ಹೋದಳು. "ಕತ್ತಲಲ್ಲಿ ಮುಟ್ಟಿದರೂ ನನ್ನ ಮಗಳು ನನಗೆ ಗೊತ್ತಾಗಬೇಕು, ತಾಯಿ. ಅಂಥದ್ದೊಂದು ಗುರುತು ಕೊಡಿ."

"ನಿನಗೊಬ್ಬಳಿಗೆ ಕೊಟ್ಟರೆ ಉಳಿದ ತಾಯಂದಿರು ಏನು ಮಾಡಬೇಕು?" ಎಂದಳು ಕಡಲಮ್ಮ.

"ಎಲ್ಲರಿಗೂ ಕೊಡಿ. ಮನೆಗೊಂದು ಗುರುತು."

ಕಡಲಮ್ಮ ಅಲೆಯ ತುದಿಯಿಂದ ಕೆತ್ತುತ್ತಾ ಕೂತಳು. ಒಂದು ಮನೆಯವರ ಹಣೆಗೆ ಸಾಸಿವೆಯಂಥ ಗುಳ್ಳೆ ಇಟ್ಟಳು. ಇನ್ನೊಂದು ಮನೆಯವರ ಕೆನ್ನೆಗೆ ಮುಳ್ಳು. ಮತ್ತೊಂದು ಮನೆಯವರಿಗೆ ಜೇನುಗೂಡಿನಂಥ ಕಣ್ಣು. ಕೆಲವು ಮನೆಯವರ ಬಾಲಕ್ಕೆ ಗೆರೆ, ಒಂದೊಂದು ಮನೆಗೆ ಒಂದೊಂದು ಎಣಿಕೆ. ಮುಗೆರವ್ವನ ಮನೆಯವರ ಬಾಲಕ್ಕೆ ಒಂಬತ್ತು ಗೆರೆ ಎಳೆದಳು, ಕೂದಲೆಳೆಯಷ್ಟು ಸಣ್ಣಗೆ.

ಮತ್ತೆ ಕೆಸರು ಬಂತು. ಈ ಸಲ ಬೆಟ್ಟದಷ್ಟು. ಏನೂ ಕಾಣದ ಆ ಕೆಸರಲ್ಲಿ ಮುಗೆರವ್ವ ಸಿಕ್ಕಸಿಕ್ಕ ಬಾಲ ಮುಟ್ಟುತ್ತಾ ಹೋದಳು. ಏಳು ಗೆರೆ. ಅಲ್ಲ. ಹನ್ನೆರಡು ಗೆರೆ. ಅಲ್ಲ. ಒಂಬತ್ತು.

"ಅವ್ವ, ನೀನೇನಾ?"

"ನಾನೇ ಮಗಾ."

ಇಬ್ಬರೂ ಒತ್ತೊತ್ತಾಗಿ ಸುತ್ತಿಕೊಂಡು ಮಲಗಿದರು.

ಮೇಲೆ ಬಿದ್ದ ಕೆಸರು ಅವರ ಚಿಪ್ಪನ್ನು ಸವರಿ ನೋಡಿ ಬೆರಗಾಯಿತು. "ಇಷ್ಟು ಚಂದದ ಕೆಲಸ ಅಳಿಸಲು ನನಗೆ ಮನಸ್ಸು ಬಾರದು. ಉಸಿರು ಉಳಿಸುವುದು ನನ್ನಿಂದಾಗದು. ಗೆರೆ ಮಾತ್ರ ಒಂದೂ ಮಾಸದಂತೆ ಕಾಯುತ್ತೇನೆ," ಎಂದಿತು. ಕಾಯುತ್ತಾ ಕಾಯುತ್ತಾ ಕೆಸರು ಕಲ್ಲಾಯಿತು. ಕಡಲ ತಳವೇ ಮೇಲೆದ್ದು ಬೆಟ್ಟವಾಯಿತು.

ಅದಕ್ಕೇ ಮಗು, ಹತ್ತಿರದಲ್ಲೆಲ್ಲೂ ಕಡಲಿಲ್ಲದ ಬೆಟ್ಟದ ಕಲ್ಲಿನಲ್ಲೂ ಆ ಮೂರು ಪಾಲಿನ ಚಿಪ್ಪು ಸಿಗುತ್ತದೆ. ಓದಿದವರು ಅದನ್ನು ಟ್ರೈಲೊಬೈಟ್ ಎನ್ನುತ್ತಾರೆ. ಯಾರೂ ಅಷ್ಟಾಗಿ ಹುಡುಕದ ಬೆಟ್ಟವನ್ನೂ ಹತ್ತಿ ಹೋಗಿ, ಕಲ್ಲಿನ ಮೇಲೆ ಬೆರಳಾಡಿಸಿ, ಗೆರೆ ಎಣಿಸಿ, ಇದು ಯಾವ ಮನೆಯ ಮಗು ಎಂದು ಇಂದಿಗೂ ಗುರುತು ಹಿಡಿಯುತ್ತಾರೆ.